ಮೊದಲ ಫೋನು

ದೆಹಲಿ ಬಳಿಯ ಮಾನೇಸರ್‌ನ ಕಾರು ಕಾರ್ಖಾನೆಯೊಂದರ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ನನಗೆ ಕೆಲಸ ಕಲಿಸಿದ ಮೇಲಧಿಕಾರಿ ಕನ್ನಡದವರು. ಪತ್ರಕರ್ತರಿಗೆ ಫೋನ್ ಮಾಡುವಾಗ ಅವರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಆ ಕಡೆ ಇರುವವನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ವರದಿಗಾರನಾದರೂ ಸರಿ. "ಕೂತು ಮಾತಾಡಿದ್ರೆ ದನಿಯಲ್ಲೇ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಹೊಸ ಪತ್ರಕರ್ತರ ಪರಿಚಯವಾದಾಗಲೆಲ್ಲ ನನಗೆ ಒಂದೇ ಪಾಠ: "ಮೊದಲನೇ ಫೋನಲ್ಲಿ ಏನೂ ಕೇಳಬೇಡ. ಕೇಳೋದೆಲ್ಲ ಎರಡನೇದ್ರಲ್ಲಿ."

ನಾನು ಆ ಕೆಲಸ ಬಿಟ್ಟು ದೆಹಲಿಯ ಸಾರ್ವಜನಿಕ ಸಂಪರ್ಕ ಏಜೆನ್ಸಿಯೊಂದಕ್ಕೆ ಸೇರಿದೆ. ಎರಡು ವರ್ಷದ ನಂತರ ಕಾರುಗಳ ಮಾರಾಟ ಕುಸಿದು, ಕಾರ್ಖಾನೆಯವರು ಆ ವಿಭಾಗವನ್ನೇ ಮುಚ್ಚಿದರು; ಮೇಲಧಿಕಾರಿಯ ಕೆಲಸವೂ ಹೋಯಿತು. ಅದಾದ ವಾರಕ್ಕೆ ಅವರ ಫೋನ್ ಬಂತು. ನಾನು ಕೆಲಸ ಬಿಟ್ಟ ಮೇಲೆ ಅವರು ಮಾಡಿದ ಮೊದಲ ಫೋನ್ ಅದು.

"ಅಚ್ಛಾ, ಅಮ್ಮನ ಮೊಣಕಾಲು ಹೇಗಿದೆ?" ಎಂದರು. ಲೋಧಿ ಕಾಲೋನಿಯ ತಮ್ಮ ಮನೆಯ ಮುಂದೆ ಬೇವಿನ ಎಲೆ ಉದುರುತ್ತಿದೆ ಎಂದರು.

"ಏನಾದ್ರೂ ಆಗಬೇಕಿತ್ತಾ ಸರ್?"

"ಇಲ್ಲಪ್ಪ, ಸುಮ್ನೆ ಮಾಡಿದೆ."

ನಮ್ಮಲ್ಲಿ ಒಂದು ಹುದ್ದೆ ಖಾಲಿಯಿದೆಯೆಂದು ಹಿಂದಿನ ದಿನವಷ್ಟೇ ಪತ್ರಿಕೆಯಲ್ಲಿ ಜಾಹೀರಾತು ಬಂದಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎರಡನೆಯ ಫೋನ್ ಬರಲೇ ಇಲ್ಲ. ನಾನೂ ಮಾಡಲಿಲ್ಲ. ಅಂದು ಅವರು ಎದ್ದು ನಿಂತು ಮಾತಾಡುತ್ತಿದ್ದರೆಂದು ದನಿಯಲ್ಲೇ ಗೊತ್ತಾಗಿತ್ತು. ನಾನು ಕೂತೇ ಇದ್ದೆ.