ಪೇಂಟರ್ ಮಾವನ ಜೇಬಿನ ಬೋರ್ಡು

ಸಕ್ಕರೆ ಕಾಯಿಲೆ ಬಂದಮೇಲೂ ಪೇಂಟರ್ ಮಾವ ಭಾನುವಾರ ಮಧ್ಯಾಹ್ನದ ಒಂದು ಗ್ಲಾಸು ಬಿಯರನ್ನು ಬಿಟ್ಟವರಲ್ಲ, ಆದರೆ ಆ ಒಂದು ಗ್ಲಾಸಿನ ತಯಾರಿಯಲ್ಲಿ ಒಂದು ಮದುವೆಯನ್ನೇ ಮುಗಿಸಬಹುದು. ಮೊದಲು ಹೊಟ್ಟೆ ತುಂಬ ಊಟ, ಆಮೇಲೆ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವುದು, ಅದಾದಮೇಲಷ್ಟೇ ಮೊದಲ ಗುಟುಕು, ಎರಡನೆಯದಕ್ಕೆ ಹಣೆ ಬೆವರಿದೆಯೇ ಎಂದು ಒರೆಸಿ ನೋಡಿಕೊಳ್ಳುತ್ತಾರೆ, ಮೂರನೆಯದಕ್ಕೆ ಬ್ರಷ್ಷು ಹಿಡಿಯುವ ಕೈಯನ್ನು ಚಾಚಿ, "ನಡುಗ್ತಿದೆಯೇನ್ರೋ?" ಎಂದು ಗೆಳೆಯರನ್ನು ಕೇಳುತ್ತಾರೆ. "ಕುಡಿಯೋದು ಒಂದು ಗ್ಲಾಸು, ಹೆದರೋದು ಒಂದು ಪೀಪಾಯಿ!" ಎಂದು ಗೆಳೆಯರು ನಗುತ್ತಾರೆ. ಮಾವ ನಗುವುದಿಲ್ಲ, ಅಂಗಿ ಜೇಬಿನಿಂದ ಅಂಗೈಯಗಲದ ರಟ್ಟು ತೆಗೆದು ಮೇಜಿನ ಮೇಲೆ ನಿಲ್ಲಿಸುತ್ತಾರೆ. ಅಂಗಡಿಗಳ ಬೋರ್ಡಿಗೆ ಬರೆಯುವ ಅದೇ ಕೆಂಪು ದಪ್ಪಕ್ಷರ: 'ನಾನು ತೊದಲಿದರೆ ಅಮಲು ಅಂದುಕೊಳ್ಳಬೇಡಿ. ಸಕ್ಕರೆ ಕುಸಿದಿರಬಹುದು. ಡಾಕ್ಟರನ್ನು ಕರೆಯಿರಿ.' "ಇಷ್ಟು ಹೆದರಿಕೆ ಇದ್ರೆ ಬಿಟ್ಟೇಬಿಡ್ರಿ" ಎನ್ನುವ ಹೆಂಡತಿಗೂ ಹೇಳದ ಮಾತೊಂದು ಅವರೊಳಗಿದೆ. ಇದೇ ಕಾಯಿಲೆಯಿದ್ದ ಅವರ ಅಣ್ಣ ಖಾಲಿ ಹೊಟ್ಟೆಯಲ್ಲಿ ಕುಡಿದು, ತೊದಲುತ್ತ ಒರಗಿದವನು ಮತ್ತೆ ಏಳಲಿಲ್ಲ. ಅಂದು "ಅಮಲೇರಿದೆ, ಮಲಗ್ಲಿ ಬಿಡಿ" ಎಂದು ಎಲ್ಲರನ್ನೂ ಆಚೆ ಕಳಿಸಿ, ಹೊದಿಕೆ ಹೊದಿಸಿ, ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಬಂದವರು ಮಾವನೇ.