ಡ್ರಾಯರಿನಲ್ಲಿದ್ದ ಉದ್ಯಾನದ ಪಾಸು

ನಾನು ಸೌದಿಯ ಅಲ್ ಖರ್ಜ್‌ಗೆ ಬಂದ ವರ್ಷ, ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಕಾರ್ಡು ಕೈಗೆ ಸಿಕ್ಕಿದ ವಾರದಲ್ಲೇ ಇನ್ನೊಂದು ಕಾರ್ಡೂ ಸಿಕ್ಕಿತು. ನನ್ನ ಗಂಡ ಇಲ್ಲಿಯ ಒಂದು ಡೇರಿಯಲ್ಲಿ ಹಸುಗಳ ಮೇವಿನ ಉಗ್ರಾಣ ನೋಡಿಕೊಳ್ಳುತ್ತಾರೆ. ಹೊಸದಾಗಿ ಸಂಸಾರ ಕರೆಸಿಕೊಂಡವರಿಗೆಲ್ಲ ಡೇರಿಯವರು ಊರಾಚೆಯ ರಾಷ್ಟ್ರೀಯ ಉದ್ಯಾನಕ್ಕೆ ಒಂದು ವರ್ಷದ ಉಚಿತ ಪಾಸು ಕೊಡುತ್ತಿದ್ದರು. ನಮ್ಮಂಥವರಿಗೆ ಇಲ್ಲಿ ಪೌರತ್ವದ ಮಾತಿಲ್ಲ. ಇಕಾಮಾ ಇರುವಷ್ಟು ದಿನ ಇಲ್ಲಿಯವರು, ಅಷ್ಟೇ. ಹಾಗಾಗಿ ಜಿಂಕೆಯ ಚಿತ್ರವಿದ್ದ ಆ ಕಾರ್ಡು, ಯಾರೋ ಬಾಗಿಲಲ್ಲಿ ನಿಂತು ‘ಬನ್ನಿ’ ಎಂದ ಹಾಗೆ ಅನಿಸಿತು.

ಗಂಡನಿಗೆ ತೋರಿಸಿದರೆ ನಕ್ಕರು. “ಮರಳು ನೋಡ್ಲಿಕ್ಕೆ ಪಾಸು ಎಂತಕ್ಕೆ? ಕಿಟಕಿ ತೆಗೆದ್ರೆ ಉಂಟಲ್ಲ” ಅಂದು ಅದನ್ನು ಡ್ರಾಯರಿಗೆ ಹಾಕಿದರು.

ನಮ್ಮ ಮೇಲಿನ ಮನೆಯಲ್ಲಿ ಭಟ್ಕಳದ ಹೆಂಗಸೊಬ್ಬರಿದ್ದರು. ಅವರ ಯಜಮಾನರು ಮೊದಲು ಡೇರಿಯಲ್ಲೇ ಇದ್ದು ಆಮೇಲೆ ಬಟ್ಟೆ ಅಂಗಡಿ ಸೇರಿದವರು. ನಾನು ಅವರನ್ನು ಆಪಾ ಎನ್ನುತ್ತಿದ್ದೆ. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ, ಆದ್ದರಿಂದ ನಮ್ಮ ಮಾತೆಲ್ಲ ಕನ್ನಡದಲ್ಲಿ. ಪಾಸಿನ ವಿಷಯ ಕೇಳಿದಾಗ ಆಪಾ, “ನಮಗೂ ಕೊಟ್ಟಿದ್ರು. ಈ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಕೊಟ್ಟಿದ್ದಾರೆ. ಹೋದವರು ಯಾರೂ ಇಲ್ಲ” ಅಂದರು.

“ಯಾಕೆ ಆಪಾ?”

“ಎಂತ ಹೇಳುದು. ಶುಕ್ರವಾರ ಗಂಡಸರಿಗೆ ನಿದ್ದೆ ಬೇಕು. ನಮಗೆ ಸಾಮಾನು ತರ್ಲಿಕ್ಕೆ ಉಂಟು. ಮತ್ತೆ ಅಲ್ಲಿ ದೊಡ್ಡ ಕಾರಿನವರು ಬರುದು. ನಾವು ಹೋಗಿ ಯಾರ ಮುಖ ನೋಡುದು?”

ನಾನೂ ಮರೆತೆ. ಆ ಚಳಿಗಾಲದ ಮೊದಲಲ್ಲಿ ನನ್ನ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಊರಿನಿಂದ ಉಮ್ಮ ಫೋನು ಮಾಡಿದರೆ ‘ಆರಾಮ’ ಎಂದು ಇಡುತ್ತಿದ್ದೆ. ಆಪಾ ಗಂಜಿ ತಂದು ಪಕ್ಕದಲ್ಲಿ ಕೂತು, ನಾನು ಉಂಡ ಮೇಲೆಯೇ ಏಳುತ್ತಿದ್ದರು. ಅಳು ಮಾತ್ರ ನನಗೆ ಬರುತ್ತಿರಲಿಲ್ಲ. ನನ್ನ ಗಂಡನದು ಮಾತು ಕಡಿಮೆ. ಏನು ಮಾಡಬೇಕೆಂದು ತೋಚದೆ, ಇದ್ದ ಪಾತ್ರೆಗಳನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ, ಗೆಳೆಯನ ಕಾರಿನ ಕೀಲಿ ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ಆ ಪಾಸು.

“ಯಲ್ಲಾ, ಹೊರಡು.”

“ಕಿಟಕಿಯಲ್ಲೇ ಮರಳು ಉಂಟು ಅಂದಿದ್ರಿ.”

“ಅಂದಿದ್ದೆ. ಇವತ್ತು ಬಾ.”

ಉದ್ಯಾನದ ಗೇಟಿನಲ್ಲಿ ನಮ್ಮ ಪಾಸನ್ನು ಯಂತ್ರ ಓದಲಿಲ್ಲ. ನಾವು ತಿರುಗಿ ಹೋಗಲು ಸಿದ್ಧರಾದೆವು. ಇಂಥ ಕಡೆ ವಾದ ಮಾಡುವ ಅಭ್ಯಾಸ ನಮಗಿಲ್ಲ. ಆದರೆ ಅಲ್ಲಿದ್ದ ಸೌದಿ ಹುಡುಗಿ ‘ನಿಲ್ಲಿ’ ಎಂದು ಕೈ ತೋರಿಸಿ ಒಳಗೆ ಫೋನು ಮಾಡಿದಳು. ಆಮೇಲೆ ನಿಧಾನವಾದ ಇಂಗ್ಲಿಷಿನಲ್ಲಿ, “ಕಾರ್ಡು ಸರಿಯಾಗಿದೆ. ನಾನು ಸೇರಿದ ಮೇಲೆ ಇದನ್ನು ತಂದವರು ನೀವೇ ಮೊದಲು” ಎಂದಳು. ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಗೇಟನ್ನು ಇನ್ನೊಬ್ಬರಿಗೆ ವಹಿಸಿ ತಾನೇ ನಮ್ಮ ಜೊತೆ ಬಂದಳು.

ಹಿಂದಿನ ವಾರ ಮಳೆ ಬಿದ್ದಿತ್ತು. ಮರಳಿನ ಮೇಲೆ ಬೆರಳುಗುರಿನಷ್ಟು ಚಿಕ್ಕ ಹಳದಿ ಹೂಗಳಿದ್ದವು. ಜಾಲಿ ಮರಗಳ ಆಚೆ ನೀಳವಾದ ನೇರ ಕೊಂಬಿನ ಬಿಳಿ ಹುಲ್ಲೆಗಳು ಮೇಯುತ್ತಿದ್ದವು; ಒಂದರ ಪಕ್ಕದಲ್ಲಿ ಕಂದು ಬಣ್ಣದ ಮರಿ.

“ಒಂದು ಕಾಲದಲ್ಲಿ ಈ ಮರುಭೂಮಿಯಲ್ಲಿ ಇವು ಒಂದೂ ಉಳಿದಿರಲಿಲ್ಲ,” ಎಂದಳು ಹುಡುಗಿ. “ಬೇರೆ ಕಡೆ ಸಾಕಿ, ತಂದು ಬಿಟ್ಟರು. ಈಗ ಇಲ್ಲೇ ಮರಿ ಹಾಕುತ್ತಿವೆ.”

ನನಗೆ ಅಳು ಬಂತು. ತಡೆಯಲಾಗಲಿಲ್ಲ. ಹುಡುಗಿ ಸ್ವಲ್ಪ ದೂರ ಹೋಗಿ ನಿಂತಳು. ಗಂಡ ನನ್ನ ಪಕ್ಕ ಮರಳಿನ ಮೇಲೆ ಕೂತು, “ನಾನೂ ಅಳ್ಲಿಲ್ಲ ಇಷ್ಟು ದಿನ” ಅಂದರು. ಆಸ್ಪತ್ರೆಯ ದಿನದ ಬಗ್ಗೆ ನಾವಿಬ್ಬರೂ ಮೊದಲ ಸಲ ಮಾತಾಡಿದ್ದು ಅಲ್ಲಿ. ಬಿಸಿಲೇರುವ ತನಕ ಮಾತಾಡಿದೆವು.

ಮನೆಗೆ ಬಂದವಳೇ ಮೇಲೆ ಹೋಗಿ, “ಆಪಾ, ಮುಂದಿನ ವಾರ ನೀವು ಬರ್ಬೇಕು” ಎಂದೆ. ಅವರ ಪಾಸಿನ ಅವಧಿ ಎಂದೋ ಮುಗಿದಿತ್ತು. ನಮ್ಮದು ಕುಟುಂಬದ ಪಾಸು. ಮುಂದಿನ ಶುಕ್ರವಾರ ಗೇಟಿನಲ್ಲಿ ಅದೇ ಹುಡುಗಿ, “ಇವರು ಯಾರು?” ಎಂದು ಕೇಳಿದಳು.

“ನನ್ನ ಅಕ್ಕ” ಎಂದೆ.

ಅವಳು ನಮ್ಮಿಬ್ಬರ ಮುಖ ನೋಡಿದಳು. ಮುಖದಲ್ಲಿ ಹೋಲಿಕೆಯೇನೂ ಇರಲಿಲ್ಲ. ನಕ್ಕು ಗೇಟು ತೆಗೆದಳು.

ಒಳಗೆ ಆಪಾ ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆದರು. “ಮಕ್ಕಳು ಹುಟ್ಟಿದ್ದು, ದೊಡ್ಡವರಾದದ್ದು ಎಲ್ಲ ಈ ದೇಶದಲ್ಲಿ. ಬರಿಗಾಲಲ್ಲಿ ನಡೆದದ್ದು ಇವತ್ತೇ ಮಾರಾಯ್ತಿ” ಅಂದರು.

ಎಲ್ಲರ ಪಾಸೂ ಬಳಕೆಗೆ ಬಂತು ಎಂದು ನಾನು ಹೇಳಲಾರೆ. ಕೆಲವರಿಗೆ ಈಗಲೂ ಶುಕ್ರವಾರವೆಂದರೆ ನಿದ್ದೆಯೇ. ಆದರೆ ನಮ್ಮ ಬಿಲ್ಡಿಂಗಿನ ನಾಲ್ಕಾರು ಮನೆಯವರು ಚಳಿಗಾಲ ಬಂತೆಂದರೆ, ಆಪಾರ ಯಜಮಾನರು ತರುವ ಬಟ್ಟೆ ಅಂಗಡಿಯ ವ್ಯಾನಿನಲ್ಲಿ ಹೊರಡುತ್ತೇವೆ; ಪಾಸಿನ ಅವಧಿ ಮುಗಿದವರು ಟಿಕೆಟು ತೆಗೆಯುತ್ತೇವೆ. ಈ ತಿಂಗಳು ಕೆಳಗಿನ ಮನೆಗೆ ಉಡುಪಿ ಕಡೆಯ ಹೊಸ ಜೋಡಿ ಬಂದಿದೆ. ಆ ಹುಡುಗಿಗೆ ಇನ್ನೂ ಇಲ್ಲಿ ಯಾರ ಪರಿಚಯವೂ ಇಲ್ಲ. ಶುಕ್ರವಾರ ಅವರನ್ನೂ ಕರೆದುಕೊಂಡು ಹೋಗುತ್ತೇವೆ. ಬಿರಿಯಾನಿ ಆಪಾ ಮಾಡುತ್ತಾರಂತೆ.