ಕರಿಬಸಯ್ಯನ ಪೆಟ್ಟಿಗೆಗೆ ಇಬ್ಬರು ವಾರಸುದಾರರು

ನಾರಾಯಣಪೇಟೆಯಲ್ಲಿ ಮಗ್ಗದ ಸದ್ದಿಲ್ಲದ ಓಣಿ ಬೇಕಾದರೆ ಸಿಕ್ಕೀತು. ಆದರೆ ಇಟಲಿಯವರ ಇಪ್ಪತ್ತೆರಡು ನಿಮಿಷದ ರಾಕ್ ಹಾಡು ಕೇಳಿಸುವ ಓಣಿ ಇರುವುದು ಒಂದೇ ಒಂದು, ಅದು ಮಾರ್ಕಂಡೇಯನದು.

ಮೂವತ್ತಾರರ ನೇಕಾರ ಅವನು. ಬೆಳಗ್ಗೆ ಚಹಾ ಕುಡಿದು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತನೆಂದರೆ ಫೋನನ್ನು ಹಿತ್ತಾಳೆ ಚೊಂಬಿನೊಳಗೆ ನಿಲ್ಲಿಸುತ್ತಾನೆ, ಸದ್ದು ದೊಡ್ಡದಾಗಲಿ ಅಂತ. ಈ ಹುಚ್ಚು ಹತ್ತಿದ್ದು ಆರು ವರ್ಷದ ಹಿಂದೆ. ಭಜನೆ ಮುಗಿದ ಮೇಲೆ ಫೋನು ತನ್ನಷ್ಟಕ್ಕೆ ತಾನೇ ಮುಂದಿನದನ್ನು ಹಚ್ಚಿತು. ಮೊದಲು ಚರ್ಚಿನ ಆರ್ಗನ್, ಅದರ ಬೆನ್ನಿಗೆ ಕೊಳಲು, ಆಮೇಲೆ ಅವಸರದಲ್ಲಿ ಯಾರೋ ಬಾಗಿಲು ಬಡಿದಂಥ ಡ್ರಮ್ಮು. ಕೈಯಲ್ಲಿ ಲಾಳಿ ಇತ್ತು, ನಿಲ್ಲಿಸಲಾಗಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ನಿಲ್ಲಿಸುವ ಮನಸ್ಸೂ ಇರಲಿಲ್ಲ.

ಆ ಸೀರೆ ಕೆಟ್ಟಿತು. ಸಣ್ಣ ಚೌಕಡಿಯ ಸೀರೆ ಅದು: ಎಂಟು ಎಳೆ ಕೆಂಪು, ಎಂಟು ಎಳೆ ಹಸಿರು. ಎಸೆದ ಲಾಳಿ ಹೊರಟ ಕಡೆಗೇ ಮರಳಬೇಕಲ್ಲ, ಅದಕ್ಕೇ ನೇಕಾರನ ಲೆಕ್ಕ ಯಾವತ್ತೂ ಜೋಡಿ ಜೋಡಿ. ಆದರೆ ಗೇಣುದ್ದ ಬಟ್ಟೆಯಲ್ಲಿ ಪ್ರತಿ ಪಟ್ಟಿಗೂ ಏಳೇ ಎಳೆ ಬಿದ್ದಿದ್ದವು. ಸಾವುಕಾರ ಭೂತಗನ್ನಡಿ ಹಚ್ಚಿ ಎಣಿಸಿ, "ಮುಂಜಾನೇನ ಏರಿಸಿದ್ಯೇನಪಾ?" ಅಂತ ಸೀರೆಯನ್ನು ವಾಪಸ್ ಎಸೆದ.

ಮಾರ್ಕಂಡೇಯ ಮನೆಗೆ ಬಂದು ಅದೇ ಹಾಡು ಹಚ್ಚಿದ, ಬೆರಳು ಮಡಚುತ್ತ ಎಣಿಸಿದ. ಏಳು. ಆ ಪುಣ್ಯಾತ್ಮರು ನಿಜವಾಗಿಯೂ ಏಳಕ್ಕೆ ಒಂದು ಸುತ್ತು ಹಾಕುತ್ತಿದ್ದರು! ಕಿವಿಗೆ ತಿಳಿಯುವ ಮೊದಲು ಅವನ ಕೈಗೆ ತಿಳಿದಿತ್ತು.

"ಸೀರಿ ಕೆಡಿಸ್ಕೊಂಡು ಬಂದು ನಗಾಕತ್ತೀರಲ್ರೀ, ಯಾವ ದೆವ್ವ ಬಡೀತು?" ಅಂದಳು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಡತಿ ಮಲ್ಲೇಶ್ವರಿ.

"ದೆವ್ವ ಅಲ್ಲಲೇ, ಇಟಲಿ."

"ಎರಡೂ ಒಂದಾ ಬಿಡ್ರಿ."

ಅಲ್ಲಿಂದ ಅವನು ತಿರುಗಿ ನೋಡಲಿಲ್ಲ. ಜರ್ಮನಿಯವರ ಮುಗಿಯದ ಹಾಡುಗಳು, ಫ್ರಾನ್ಸಿನವರ ಸಿಟ್ಟಿನ ಪಿಟೀಲು, ತನ್ನ ಹರಿದ ಛತ್ರಿಗೆ ಪ್ರೇಮಗೀತೆ ಹಾಡುವ ಬೆಲ್ಜಿಯಂನ ತಿಕ್ಕಲು ಮನುಷ್ಯ, ಎಲ್ಲರೂ ಚೊಂಬಿನೊಳಗೆ ಬಂದು ಇಳಿದರು. ಒಂದೂ ಮಾತು ಅರ್ಥವಾಗುತ್ತಿರಲಿಲ್ಲ. ಅರ್ಥವಾಗಿದ್ದರೆ ಅಷ್ಟು ಚೆನ್ನಾಗಿ ಇರುತ್ತಿತ್ತೋ ಇಲ್ಲವೋ.

ಗದ್ವಾಲದ ಕರಿಬಸಯ್ಯ ಗೊತ್ತಾದದ್ದು ಆಮೇಲೆ. ಹೈದರಾಬಾದಿನ ಒಂದು ಗೆಸ್ಟ್‌ಹೌಸಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಮುದುಕರು. ಅಲ್ಲಿದ್ದ ಜರ್ಮನ್ ಎಂಜಿನಿಯರ್ ಒಬ್ಬ ಊರಿಗೆ ಹೋಗುವಾಗ ರೆಕಾರ್ಡ್ ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಇವರಿಗೆ ಕೊಟ್ಟು ಹೋಗಿದ್ದ. ಮಾರ್ಕಂಡೇಯ ತಿಂಗಳಿಗೊಮ್ಮೆ, ಭಾನುವಾರ, ಮಕ್ತಲ್ ಮೇಲೆ ಹಾಯ್ದು ಗದ್ವಾಲಕ್ಕೆ ಹೋಗುತ್ತಿದ್ದ. ಅಯ್ಯನವರ ಮನೆಯಲ್ಲಿ ಒಂದು ಕಟ್ಟಳೆ: ರೆಕಾರ್ಡಿನ ಒಂದು ಮಗ್ಗುಲು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ಕೇಳಿದ್ದರಲ್ಲಿ ಏನಾದರೂ ಒಂದನ್ನು ಹೇಳಲೇಬೇಕು. "ಚಲೋ ಐತಿ" ಅಂದರೆ ನಡೆಯುವುದಿಲ್ಲ.

ಮಾರ್ಕಂಡೇಯ ಯಾವಾಗಲೂ ಲೆಕ್ಕ ಹೇಳುತ್ತಿದ್ದ. "ಮೊದ್ಲು ಐದರಾಗಿತ್ತು ಅಯ್ಯಾರ, ಕೊಳಲು ಬಂದ ಮ್ಯಾಲೆ ಏಳಾತು." ಕರಿಬಸಯ್ಯ ತೊಡೆ ತಟ್ಟಿ, "ಕಿವಿ ಅಂದ್ರ ನಿನ್ನವು ನೋಡಪ್ಪ" ಅನ್ನುತ್ತಿದ್ದರು. ಆ ಒಂದು ಮಾತು ಮುಂದಿನ ತಿಂಗಳ ಭಾನುವಾರದ ತನಕ ಅವನನ್ನು ಸಾಕುತ್ತಿತ್ತು.

ಅವನ ತಪ್ಪೇನೆಂದರೆ, ಕಾಂತೇಶನನ್ನು ತಾನೇ ಕರೆದುಕೊಂಡು ಹೋದದ್ದು.

ಕಾಂತೇಶ ಮಕ್ತಲ್‌ನಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟವನು, ಇಪ್ಪತ್ತಾರರ ಹುಡುಗ. ಮಾರ್ಕಂಡೇಯನ ಫೋನಿನ ಸ್ಪೀಕರ್ ಸರಿಮಾಡುವಾಗ ಆ ಇಟಲಿಯ ಹಾಡು ಕೇಳಿ, "ಅಣ್ಣ, ಇದೇನಿದು? ಮತ್ತೊಮ್ಮಿ ಹಚ್ಚು" ಅಂದಿದ್ದ. ಅದೇ ಸಾಕಾಯಿತು. ಎರಡೇ ತಿಂಗಳಲ್ಲಿ ಹಳೇ ರೆಕಾರ್ಡ್ ಪ್ಲೇಯರ್ ಒಂದನ್ನು ಎಲ್ಲಿಂದಲೋ ಹುಡುಕಿ ತಂದು, ಅಂಗಡಿ ಮೇಲಿನ ಕೋಣೆಯಲ್ಲಿ ಇಟ್ಟುಕೊಂಡ. ಗದ್ವಾಲದಲ್ಲಿ ಅವನು ಲೆಕ್ಕ ಹೇಳುತ್ತಿರಲಿಲ್ಲ, ಕಥೆ ಹೇಳುತ್ತಿದ್ದ. "ಅಯ್ಯಾರ, ಈ ಆರ್ಗನ್ ಕೇಳಿದ್ರ ಜುರಾಲಾ ಡ್ಯಾಮಿನ ಅಷ್ಟೂ ಗೇಟು ಒಮ್ಮಿಗೇ ಎತ್ತಿದಂಗ ಆತ್ರಿ." ಮುದುಕರು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮಾರ್ಕಂಡೇಯನ ಲೆಕ್ಕಕ್ಕೆ ಅವರು ಯಾವತ್ತೂ ಹಾಗೆ ನಕ್ಕಿರಲಿಲ್ಲ.

ಬಸ್ಸಿನಲ್ಲಿ ಕಾಂತೇಶ ಪಕ್ಕದಲ್ಲೇ ಕೂತು ಹಾಡು ಗುನುಗುತ್ತಿದ್ದರೆ ಇವನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ. ಮನೆಗೆ ಬಂದು ಹೆಂಡತಿಯ ಮುಂದೆ, "ನಿನ್ನೆ ಮೊನ್ನೆ ಬಂದಾಂವ, ಅಂವಗೇನ್ ಗೊತ್ತೈತಿ?" ಅಂತ ಹಲ್ಲು ಕಡಿಯುತ್ತಿದ್ದ.

"ಅಂವಗ ಗೊತ್ತಿಲ್ಲಂದ್ರ ನಿಮಗ್ಯಾಕ ಸಂಕಟ? ಗೊತ್ತೈತಂತನಾ ಉರಿತೀರಿ" ಅಂದಳು ಮಲ್ಲೇಶ್ವರಿ. ಅವಳ ಬಾಯಿಗೆ ಹೆದರಿ ಅವನು ಚೊಂಬಿನ ಸದ್ದು ಹೆಚ್ಚು ಮಾಡಿದ.

ದಸರೆಗೆ ಮೊದಲು ಕರಿಬಸಯ್ಯ ಒಂದು ಮಾತು ಆಡಿದರು. ಬಲಗಿವಿ ಪೂರ್ತಿ ಹೋಯಿತು, ಎಡಗಿವಿಯೂ ಹೋಗುವ ದಾರಿಯಲ್ಲಿದೆ. "ಕೇಳಾಕ ಬರದಾಂವ ಪೆಟ್ಟಿಗಿ ಕಾಯಬಾರದಪ್ಪ. ದಸರಾ ಮುಗಿದ ಮ್ಯಾಲೆ ನಿಮ್ಮಿಬ್ಬರಾಗ ಒಬ್ಬರಿಗೆ ಕೊಡ್ತೀನಿ. ಒಡೆದು ಹಂಚೂದಿಲ್ಲ."

ಅರವತ್ತೆರಡು ರೆಕಾರ್ಡು. ಮಾರ್ಕಂಡೇಯನಿಗೆ ನಿದ್ದೆ ಹಾರಿತು. ಅವನ ಮನೆ ಎಂಥದ್ದೆಂದು ಅವನಿಗೇ ಗೊತ್ತು. ಒಣಗಿದರೆ ನೂಲು ಹರಿಯುತ್ತದೆಂದು ಮಗ್ಗದ ಕೋಣೆಯನ್ನು ಸದಾ ತೇವವಾಗಿ ಇಡುತ್ತಾರೆ. ಅಲ್ಲಿ ಪೆಟ್ಟಿಗೆ ಇಟ್ಟರೆ ಒಂದೇ ಮಳೆಗಾಲಕ್ಕೆ ಬೂಸರು. ಕಾಂತೇಶನ ಕೋಣೆಯೋ, ಮಹಡಿ ಮೇಲೆ, ಒಣಗಿದ ರೊಟ್ಟಿಯ ಹಾಗೆ ಗರಿಗರಿ. ಪ್ಲೇಯರ್ ಬೇರೆ ಇದೆ. ತನ್ನ ಹತ್ತಿರ ಏನಿದೆ? ಕಿವಿ ಅಷ್ಟೇ.

ಅಷ್ಟರಲ್ಲಿ ಕಾಂತೇಶನೇ ಫೋನ್ ಮಾಡಿದ.

"ಅಣ್ಣ, ಈ ಸಲ ಅಯ್ಯಾರು ಆ ನೀಲಿ ಚೀಲದ್ದು ಹಚ್ತಾರಂತ. ನಾನೂ ಒಮ್ಮಿ ನಿನ್ನಂಗ ಲೆಕ್ಕ ಹೇಳ್ಬೇಕಂತ ಆಸಿ. ಎಷ್ಟೊತ್ತು ಎಣಿಸಿದ್ರೂ ತಪ್ತೈತಿ. ಎಷ್ಟರಾಗೈತಿ ಅದು?"

ನೀಲಿ ಚೀಲದ ರೆಕಾರ್ಡೆಂದರೆ ಅದೇ, ಸೀರೆ ಕೆಡಿಸಿದ ಇಟಲಿಯ ಹಾಡು; ಅಯ್ಯನವರು ಅದನ್ನು ಇವರ ಮುಂದೆ ಇನ್ನೂ ಹಚ್ಚಿರಲಿಲ್ಲ. ಮಾರ್ಕಂಡೇಯ ಲಾಳಿಯನ್ನು ಪಕ್ಕಕ್ಕೆ ಇಟ್ಟ.

"ಎಂಟು" ಅಂದ.

"ಖರೇನಾ?"

"ನನಗ ಕೇಳಾಕತ್ತೀಯೇನಲೇ ಖರೇನಂತ? ಎಂಟು."

ಫೋನ್ ಇಟ್ಟ ಮೇಲೆ ಅವನಿಗೆ ಎಷ್ಟು ಹಗುರ ಅನ್ನಿಸಿತೆಂದರೆ, ಅವತ್ತು ಅರ್ಧ ಮೊಳ ಜಾಸ್ತಿ ನೇಯ್ದ.

ದಸರಾ ಮುಗಿದು ಭಾನುವಾರ ಬಂತು. ನೀಲಿ ಚೀಲದಿಂದ ರೆಕಾರ್ಡು ಹೊರಬಂತು, ಆರ್ಗನ್ ಎದ್ದಿತು, ಕೊಳಲು ಬಂತು, ಬಾಗಿಲು ಬಡಿಯುವ ಡ್ರಮ್ಮೂ ಬಂತು. ಕರಿಬಸಯ್ಯ ಎಡಗಿವಿಯನ್ನು ಸ್ಪೀಕರಿಗೆ ಆನಿಸಿ, ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಬೆರಳಿಂದ ತಾಳ ಹಾಕುತ್ತ ಕೂತಿದ್ದರು. ಮಗ್ಗುಲು ಮುಗಿಯಿತು. ಕಾಂತೇಶ ತಡೆಯಲಾರದೆ, "ಅಯ್ಯಾರ, ಇದು ಪೂರಾ ಎಂಟರಾಗೈತಿ!" ಅಂದ.

ಈಗ ನಗುತ್ತಾರೆ, ಈಗ ಬೈಯುತ್ತಾರೆ ಅಂತ ಮಾರ್ಕಂಡೇಯ ಕಾದ.

ಕರಿಬಸಯ್ಯ ನಗಲಿಲ್ಲ. "ಯಾರಂದ್ರು?" ಅಂದರು.

"ಮಾರ್ಕಂಡೇಯಣ್ಣ ಹೇಳಿದ ರೀ."

ಮುದುಕರ ಬೆರಳು ಮೊಣಕಾಲ ಮೇಲೆ ನಿಂತಿತು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರ ನಾ ಮೂವತ್ತು ವರ್ಷ ತಪ್ಪಾ ಎಣಿಸೀನೇನಪಾ?" ಅಂದರು. "ನನಗ ಏಳಂತನಾ ಕೇಳ್ತಿತ್ತು. ಆದ್ರ ಮಾರ್ಕಂಡೇಯ ಎಂಟಂದ್ರ ಎಂಟಾ ಇರಬೇಕು. ಅಂವ ತಪ್ಪಂಗಿಲ್ಲ. ಕಿವಿ ಹೋಗಿದ್ದು ಈಗಲ್ಲ, ಯಾವಾಗೋ ಹೋಗೈತಿ ನಂದು." ಪ್ಲೇಯರಿನ ಸ್ವಿಚ್ಚು ಆರಿಸಲು ಕೈ ಚಾಚಿದರು.

ಕಾಂತೇಶ ಮಾರ್ಕಂಡೇಯನ ಕಡೆ ನೋಡಿದ. ಅವನ ಮುಖದಲ್ಲಿ ಸಂಶಯ ಅನ್ನುವುದೇ ಇರಲಿಲ್ಲ.

ಸುಮ್ಮನೆ ಇದ್ದರೆ ಪೆಟ್ಟಿಗೆ ತನ್ನದಾಗುತ್ತಿತ್ತೇನೋ. ಅಂಥ ಕಿವಿ ಇದ್ದವನಿಗಲ್ಲದೆ ಇನ್ಯಾರಿಗೆ?

"ಏಳಾ ಅಯ್ಯಾರ" ಅಂದ ಮಾರ್ಕಂಡೇಯ. "ನಿಮ್ಮದು ಬರೋಬರಿ ಐತಿ. ಏಳು. ಇಂವ ನಿಮ್ಮ ಮುಂದ ತಪ್ಪಲಿ ಅಂತ ನಾನಾ ಸುಳ್ಳು ಹೇಳೀನಿ. ಹೊಟ್ಟಿಕಿಚ್ಚಿಗೆ."

ಗೋಡೆಯಾಚೆ ಯಾರದೋ ಕುಕ್ಕರ್ ಮೂರು ಸಲ ಕೂಗಿತು. ಕರಿಬಸಯ್ಯ ಕೈ ಹಿಂದಕ್ಕೆ ತಂದರು, ಮೊಣಕಾಲ ಮೇಲೆ ಒಮ್ಮೆ ಏಳು ತಟ್ಟಿ ನೋಡಿದರು. ಮುಖಕ್ಕೆ ಜೀವ ಬಂತು. ಸಿಟ್ಟೂ ಬಂತು.

"ನನ್ನ ಕಿವೀನ ನನ್ನ ಕಡೆಯಿಂದ ಕಸ್ಕೊಂಡಿದ್ಯಲ್ಲೋ, ಹುಚ್ಚಪ್ಯಾಲಿ!" ಅಂದರು. "ಕಾಂತೇಶ, ಪೆಟ್ಟಿಗಿ ಎತ್ತು. ಇಂವ ಒಂದು ಕಡೆ ಹಿಡೀಲಿ."

ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ಎರಡು ಕಡೆ ಹಿಡಿದು ನಡೆದರು. ಭಾರಕ್ಕೆ ಮಾರ್ಕಂಡೇಯನ ಬೆರಳು ಕೆಂಪಾದವು. ಬಸ್ಸಿನಲ್ಲಿ ಪೆಟ್ಟಿಗೆ ಕಾಂತೇಶನ ಕಾಲ ಹತ್ತಿರ ಕೂತಿತು. ಬಸ್ಸು ಡ್ಯಾಮು ದಾಟಿತು.

"ಕೇಳಿದ್ರ ನಾನಾ ನಿನಗ ಬಿಟ್ಟು ಕೊಡ್ತಿದ್ನಲ್ಲಣ್ಣ" ಅಂದ ಕಾಂತೇಶ.

"ಅದಕ್ಕಾ ಇನ್ನೂ ಜಾಸ್ತಿ ಉರಿತೈತಿ. ಸುಮ್ಮಕಿರು."

ಮಕ್ತಲ್ ಬಂತು. ಕಂಡಕ್ಟರ್ "ದಿಗಂಡಿ, ಜಲ್ದಿ ದಿಗಂಡಿ" ಅಂತ ತೆಲುಗಿನಲ್ಲಿ ಇಳಿಯಲು ಅವಸರ ಮಾಡಿದ. ಪೆಟ್ಟಿಗೆ ಇಳಿಯಿತು, ಕಾಂತೇಶ ಇಳಿದ. ಮಾರ್ಕಂಡೇಯ ಖಾಲಿ ಸೀಟಿನ ಪಕ್ಕ ಒಬ್ಬನೇ ನಾರಾಯಣಪೇಟೆ ಕಡೆ ಹೊರಟ. ಇನ್ನೂ ಅರ್ಧ ದಾರಿ ಇರುವಾಗ ಫೋನ್ ಟಿಂಗ್ ಅಂತು. ಕಾಂತೇಶ ಫೋಟೋ ಕಳಿಸಿದ್ದ: ಮಹಡಿ ಕೋಣೆ, ಹೊಸ ಹಲಗೆ, ಅದರ ಮೇಲೆ ಅರವತ್ತೆರಡು ರೆಕಾರ್ಡು. ಎಲ್ಲವನ್ನೂ ರೊಟ್ಟಿಯ ಹಾಗೆ ಒಂದರ ಮೇಲೊಂದು ಮಲಗಿಸಿದ್ದ, ದಡ್ಡ. ಹಾಗೆ ಇಟ್ಟರೆ ಬರುವ ಬೇಸಿಗೆಯ ಹೊತ್ತಿಗೆ ಕೆಳಗಿನವೆಲ್ಲ ಡೊಂಕು.

ಮಾರ್ಕಂಡೇಯ ಫೋನನ್ನು ಜೇಬಿಗೆ ಹಾಕಿದ. ಒಂದು ಸ್ಟಾಪು ಹೋಯಿತು. ಡೊಂಕಾಗಲಿ, ತನಗೇನು? ಎರಡನೇ ಸ್ಟಾಪು ಹೋಯಿತು. ಬೈದುಕೊಳ್ಳುತ್ತ ಫೋನ್ ಹೊರಗೆ ತೆಗೆದು, ಕೆಂಪಾದ ಬೆರಳಲ್ಲಿ ಒತ್ತಿ ಒತ್ತಿ ಬರೆದ: "ಮಲಗಿಸಿ ಇಡಬ್ಯಾಡಲೇ, ನಿಲ್ಲಿಸಿ ಇಡು. ಈಗಾ ಇಡು."